ಯುರೋಪಿನ ಟೋಲ್: ಮಿಲಾನ್‌ನ ವ್ಯಾನ್ ಚಾಲಕರನ್ನು ಕೇಳಿ

ನಿರ್ವಾಹಕಿ: ಹನ್ನೆರಡು ವರ್ಷಗಳಿಂದ ಪ್ರವಾಸಿ ವ್ಯಾನ್ ಓಡಿಸುತ್ತಿರುವ ನಮ್ಮ ಗುಂಪಿನ ಸದಸ್ಯರು ಇಂದು ಸಂಜೆಯವರೆಗೆ ಉತ್ತರಿಸುತ್ತಾರೆ. ಕೇಳಿದ್ದನ್ನೇ ಕೇಳಬೇಡಿ.

ಧಾರವಾಡ ಪೇಡೆ: ಸರ್, ಜರ್ಮನಿಯಲ್ಲಿ ಟೋಲ್ ಎಷ್ಟು?

ಚಾಲಕ: ಕಾರಿಗೆ ಇಲ್ಲ. ಹಾಕಲು ಹೊರಟಿದ್ದರು. ಹೊರೆ ಹೊರದೇಶದವರ ತಲೆಗೇ ಬೀಳುತ್ತದೆ ಎಂದು ಯುರೋಪಿಯನ್ ನ್ಯಾಯಾಲಯ 2019ರಲ್ಲಿ ತಡೆಯಿತು.

ದಾರಿಹೋಕ: ಮ್ಯೂನಿಕ್‌ನಿಂದ ವೆನಿಸ್‌ಗೆ ಕಾರಿನಲ್ಲಿ ಹೋಗುತ್ತೇವೆ. ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಚೀಟಿ) ಒಂದಿದ್ದರೆ ಸಾಕೇ?

ಚಾಲಕ: ಸಾಲದು. ಆಲ್ಪ್ಸ್ ದಾಟಿ ಇಟಲಿಗೆ ಹೋಗುವ ಬ್ರೆನ್ನರ್ ದಾರಿಗೆ ಬೇರೆಯೇ ಸುಂಕ, ಸುಮಾರು 12 ಯೂರೊ. ಗಡಿ ದಾಟಿದ ಮೇಲೆ ಇಟಲಿಯಲ್ಲಿ ಓಡಿದ ದೂರಕ್ಕೆ ತಕ್ಕಂತೆ ಕೊಡಬೇಕು.

ಮಲೆನಾಡಿನವಳು: ಅಪ್ಪ, ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಇಟಲಿಯ ಪಡುವಾದಲ್ಲಿ ಹೆದ್ದಾರಿ ಹತ್ತುವಾಗ ಬಾಡಿಗೆ ಕಾರನ್ನು ನಮ್ಮ ಫಾಸ್ಟ್ಯಾಗ್‌ನಂಥ ಹಳದಿ ಟೆಲೆಪಾಸ್ ಸಾಲಿಗೆ ನುಗ್ಗಿಸಿಬಿಟ್ಟೆ, ಎಲ್ಲಿ ಹತ್ತಿದೆವು ಎಂದು ತೋರಿಸುವ ಟಿಕೆಟ್ ಸಿಗಲಿಲ್ಲ. ಮಿಲಾನ್ ಬಳಿ ಇಳಿಯುವಾಗ ಟೋಲ್ ಯಂತ್ರದ ಸಹಾಯದ ಗುಂಡಿ ಒತ್ತಿದೆ. ಒಳಗಿನಿಂದ ಯಾರೋ ಇಟಾಲಿಯನ್‌ನಲ್ಲಿ ಏನೋ ಕೇಳಿದರು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಒಂದು ಚೀಟಿ ಬಂತು, ತಡೆಗೋಲು ಎದ್ದಿತು. ಚೀಟಿಯಲ್ಲಿ 80 ಯೂರೊ ಚಿಲ್ಲರೆ ಇದೆ. ಹನ್ನೊಂದು ದಿನವಾಯಿತು. ಬಾಡಿಗೆ ಕಂಪನಿಯವರೇ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ, ಸುಮ್ಮನಿರು ಎನ್ನುತ್ತಾರೆ ನಮ್ಮ ಯಜಮಾನರು.

ಚಾಲಕ: ಸುಮ್ಮನಿರಬೇಡಿ ತಾಯಿ. ಅದು ದಂಡದ ಚೀಟಿಯಲ್ಲ, ಬಾಕಿಯ ಚೀಟಿ. ಕಟ್ಟಲು 15 ದಿನ ಕೊಡುತ್ತಾರೆ, ನಿಮಗೆ ನಾಲ್ಕು ದಿನ ಉಳಿದಿದೆ. ಮೊದಲು ಅದರ ಫೋಟೊ ತೆಗೆಯಿರಿ. ಬಿಸಿ ತಾಗಿದರೆ ಅಕ್ಷರ ಅಳಿಯುವ ಕಾಗದ ಅದು. ಹೋದ ಬೇಸಿಗೆಯಲ್ಲಿ ನನ್ನದೇ ಒಂದು ಚೀಟಿ ಸ್ಟೀರಿಂಗ್ ಮುಂದೆ ಬಿಸಿಲಿಗೆ ಬಿದ್ದು ಅಂಚಿನಲ್ಲಿ ಕಪ್ಪಾಗಿ, ನಡುವೆ ಒಂದು ಅಂಕಿಯೂ ಕಾಣದಂತಾಗಿತ್ತು.

ಮೊತ್ತ ಯಾಕೆ ಅಷ್ಟು? ಟಿಕೆಟ್ ಇಲ್ಲದವರಿಗೆ ಅತಿ ದೂರದ ದ್ವಾರದಿಂದ ಬಂದಂತೆ ಲೆಕ್ಕ ಹಾಕುತ್ತಾರೆ. ಆದರೆ ಎಲ್ಲಿ ಹತ್ತಿದಿರಿ ಎಂದು ತೋರಿಸಿಕೊಡಲು ಕಾನೂನಿನಲ್ಲೇ ಅವಕಾಶವಿದೆ. ಗುಂಡಿ ಒತ್ತಿದಾಗ ಆ ಮನುಷ್ಯ ಕೇಳಿದ್ದೂ ಬಹುಶಃ ಅದನ್ನೇ. ಅಂದಿನ ಪಡುವಾದ ಹೋಟೆಲ್ ಬಿಲ್ಲೋ ಪಾರ್ಕಿಂಗ್ ಚೀಟಿಯೋ ಪೆಟ್ರೋಲ್ ರಸೀದಿಯೋ, ಸಮಯ ಕಾಣುವಂಥದ್ದು ಯಾವುದಾದರೂ ಇದ್ದರೆ ಚೀಟಿಯ ಸಂಖ್ಯೆಯೊಂದಿಗೆ ಹೆದ್ದಾರಿ ಕಂಪನಿಗೆ ಇಂದೇ ಕಳುಹಿಸಿ, ಮೊತ್ತ ತಿದ್ದಿಕೊಡಿ ಎಂದು ಬರೆಯಿರಿ. ಗಡುವಿನೊಳಗೆ ಉತ್ತರ ಬಾರದಿದ್ದರೆ ಕಟ್ಟಿಬಿಡಿ, ಜಗಳ ಆಮೇಲೆ.

ಯಜಮಾನರಿಗೆ ಹೇಳಿ: ಕಟ್ಟದಿದ್ದರೆ ನೋಟಿಸ್ ಹೋಗುವುದು ಕಾರಿನ ಮಾಲೀಕರಿಗೆ, ಅಂದರೆ ಬಾಡಿಗೆ ಕಂಪನಿಗೆ. ಅವರು ನಿಮ್ಮ ವಿಳಾಸ ಕೊಟ್ಟು, ಆ ಕೆಲಸಕ್ಕೇ ಕಾರ್ಡಿನಿಂದ ಹಣ ಮುರಿದುಕೊಳ್ಳುತ್ತಾರೆ. ಟೋಲ್ ಬಾಕಿ ಹಾಗೇ ನಿಂತಿರುತ್ತದೆ.

ಕಾವೇರಿ ತೀರ: ಬಂದ ಹಾಗೆ ಹಂಚುತ್ತಿದ್ದೇನೆ 🙏 "ಟೋಲ್ ಸಾಲು 100 ಮೀಟರ್ ಮೀರಿದರೆ ಹಣ ಕೊಡಬೇಕಿಲ್ಲ. ತಪ್ಪು ಸಾಲಿಗೆ ಹೋದರೆ ತಕ್ಷಣ ರಿವರ್ಸ್ ತೆಗೆಯಿರಿ. ಎಲ್ಲರಿಗೂ ತಿಳಿಸಿ."

ಚಾಲಕ: ಯಾರಿಗೂ ತಿಳಿಸಬೇಡಿ. ಆ 100 ಮೀಟರ್ ಮಾತು 2021ರಲ್ಲಿ ಭಾರತದ ಹೆದ್ದಾರಿ ಪ್ರಾಧಿಕಾರ ಅಲ್ಲಿನ ಟೋಲ್‌ಗಳಿಗೆ ಹೇಳಿದ್ದು. ಇಟಲಿಯ ಟೋಲ್ ದ್ವಾರದಲ್ಲಿ ರಿವರ್ಸ್ ತೆಗೆದರೆ ಲೈಸೆನ್ಸ್‌ಗೇ ಕುತ್ತು. ಹಿಂದೆ ಲಾರಿ ನಿಂತಿರುತ್ತದೆ, ಅದಕ್ಕೆ ನಿಮ್ಮ ಫಾರ್ವರ್ಡ್ ಓದಲು ಬರುವುದಿಲ್ಲ.

ಕಾವೇರಿ ತೀರ: ಒಳ್ಳೆಯದಾಗಲಿ ಎಂದು ಹಾಕಿದೆ. ಇಷ್ಟು ಖಾರ ಬೇಕಿರಲಿಲ್ಲ.

ದಾವಣಗೆರೆ ಬೆಣ್ಣೆ: ಸ್ವಿಟ್ಜರ್ಲೆಂಡ್‌ಗೆ ಒಂದು ದಿನಕ್ಕೆ ಹೋಗುವವರಿಗೂ ವಿನ್ಯೆಟ್‌ಗೆ 40 ಫ್ರಾಂಕ್ ಯಾಕೆ? ಇದು ಹಗಲು ದರೋಡೆ.

ಝೂರಿಕ್ ಕನ್ನಡಿಗ: ಹದಿನಾಲ್ಕು ತಿಂಗಳಿಗೆ 40 ಫ್ರಾಂಕ್! ಡಿಸೆಂಬರ್ 1ರಿಂದ ಮರುವರ್ಷದ ನಂತರದ ಜನವರಿ 31ರವರೆಗೆ. ಸುಮಾರು 17 ಕಿಲೊಮೀಟರಿನ ಗೊಟ್ಟಾರ್ಡ್ ಸುರಂಗವೂ ಅದರಲ್ಲೇ ಬಂತು. ಫ್ರಾನ್ಸಿನಲ್ಲಿ ಒಂದು ಬೆಳಗ್ಗೆಗೇ ಅಷ್ಟು ಖರ್ಚಾಗುತ್ತದೆ.

ದಾವಣಗೆರೆ ಬೆಣ್ಣೆ: ಅಲ್ಲೇ ಇರುವವರಿಗೆ ಲಾಭ. ನಾನು ಹದಿನಾಲ್ಕು ತಿಂಗಳು ಸುರಂಗದಲ್ಲೇ ಕೂತಿರಬೇಕೇ?

ಝೂರಿಕ್ ಕನ್ನಡಿಗ: ಹಾಗಾದರೆ ಹೆದ್ದಾರಿ ಬಿಟ್ಟು ಊರೊಳಗಿನ ದಾರಿಯಲ್ಲಿ ಬನ್ನಿ. ಯಾರು ಬೇಡ ಎಂದರು?

ದಾವಣಗೆರೆ ಬೆಣ್ಣೆ: ನಿಮ್ಮ ದೇಶ ಎಂಬಂತೆ ಮಾತಾಡುತ್ತೀರಿ.

ಚಾಲಕ: ಇಬ್ಬರೂ ಖಾಸಗಿಯಾಗಿ ಕಾದಾಡಿ. ವಿನ್ಯೆಟ್ ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ ಬೆಲೆ.

ಕರಾವಳಿ ಕೂಸು: ಪೋರ್ಚುಗಲ್‌ನಲ್ಲಿ ಸ್ಪೇನಿನ ಬಾಡಿಗೆ ಕಾರಿಗೆ ಟೋಲ್ ಹೇಗೆ ಕಟ್ಟುವುದು?

ಪ್ಯಾರಿಸ್ ಪಯಣಿಗ: ನಾರ್ಮಂಡಿಗೆ ಹೋಗುವಾಗ ಒಂದೂ ಟೋಲ್ ದ್ವಾರ ಸಿಗಲಿಲ್ಲ. ಉಚಿತವೇ?

ಚಾಲಕ: ಅಲ್ಲ! ಎ13, ಎ14 ಹೆದ್ದಾರಿಗಳಲ್ಲಿ ದ್ವಾರ ಕಿತ್ತುಹಾಕಿದ್ದಾರೆ, ಕ್ಯಾಮೆರಾ ನಂಬರ್ ಓದುತ್ತದೆ. 72 ಗಂಟೆಯೊಳಗೆ ನೀವೇ ಆನ್‌ಲೈನ್‌ನಲ್ಲಿ ಕಟ್ಟಬೇಕು. ಯಾವಾಗ ಹೋಗಿದ್ದಿರಿ?

ಪ್ಯಾರಿಸ್ ಪಯಣಿಗ: ಮೊನ್ನೆ ಮಧ್ಯಾಹ್ನ.

ಚಾಲಕ: ಹಾಗಾದರೆ ಇಲ್ಲಿ ಏನು ಮಾಡುತ್ತಿದ್ದೀರಿ?

ಹೊಸ ಸದಸ್ಯ: ನಮಸ್ಕಾರ ಸರ್, ಜರ್ಮನಿಯಲ್ಲಿ ಟೋಲ್ ಎಷ್ಟು?

ಚಾಲಕ: ಮೇಲೆ ಓದಿ.

ಕರಾವಳಿ ಕೂಸು: ಪೋರ್ಚುಗಲ್, ಸರ್?

ಮಲೆನಾಡಿನವಳು: ಪಡುವಾದ ಕಾಫಿ ಅಂಗಡಿಯ ರಸೀದಿ ಅಮ್ಮನ ಪರ್ಸಿನಲ್ಲಿ ಸಿಕ್ಕಿತು. ಬೆಳಗ್ಗೆ 9.40. ನಡೆಯುತ್ತದೆಯೇ?

ಚಾಲಕ: ಪೆಟ್ರೋಲ್ ರಸೀದಿಯಷ್ಟು ಗಟ್ಟಿಯಲ್ಲ. ಆದರೂ ಕಳುಹಿಸಿ. ಎರಡು ಕಾಫಿಯೇ ಮೂರೇ?