ವಿಮಾನದ ಎತ್ತರಕ್ಕೆ ಹಕ್ಕಿ ಹಾರುತ್ತಾ?

ಗಾಳಿಪಟ: "ಹಕ್ಕಿಗಳು ವಿಮಾನದಷ್ಟೇ ಎತ್ತರ ಹಾರುತ್ತವೆ" ಅಂತ ಯಾರೋ ಬರೆದಿದ್ದು ನೋಡಿ ನಗು ಬಂತು. ಹಕ್ಕಿ ಬಡಿಯುವುದು ಬಹುಪಾಲು ವಿಮಾನ ಏರುವಾಗ, ಇಳಿಯುವಾಗ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಗೆ ಇಳಿದ ವಿಮಾನಕ್ಕೆ ಕೆನಡಾ ಹೆಬ್ಬಾತುಗಳು ಬಡಿದದ್ದು ಸುಮಾರು 2,800 ಅಡಿಯಲ್ಲಿ. ಮೂವತ್ತು ಸಾವಿರ ಅಡಿ ಮೇಲೆ ಹಕ್ಕಿಗೆ ಏನು ಕೆಲಸ?

ರೆಕ್ಕೆಪುಕ್ಕ: "ಏನು ಕೆಲಸ" ಅಂತ ರೂಪೆಲ್ ರಣಹದ್ದನ್ನೇ ಕೇಳಿ. 1973ರ ನವೆಂಬರ್ 29, ಐವರಿ ಕೋಸ್ಟಿನ ಅಬಿಜಾನ್ ಮೇಲೆ, 37,000 ಅಡಿ. ಹದ್ದು ಎಂಜಿನ್ನಿಗೆ ಬಡಿಯಿತು. ಆ ಎಂಜಿನ್ ಬಂದ್ ಮಾಡಿ ವಿಮಾನವನ್ನು ಕ್ಷೇಮವಾಗಿ ಇಳಿಸಿದರು. ಉಳಿದಿದ್ದು ಒಂದಿಷ್ಟು ಪುಕ್ಕ, ಅದರಲ್ಲೂ ಜಾಸ್ತಿ ತುಂಡುಗಳೇ. ಅದನ್ನೇ ನೋಡಿ ಅಮೆರಿಕದ ತಜ್ಞರು ಯಾವ ಹಕ್ಕಿ ಅಂತ ಹೇಳಿದರು. ಇನ್ನೇನು ಸಾಕ್ಷಿ ಬೇಕು ನಿಮಗೆ?

ಲೆಕ್ಕದ ಮೇಷ್ಟ್ರು: "37,000 ಅಡಿ" ಅಂದರೆ ಯಾರು ಅಳೆದಿದ್ದು? ವಿಮಾನದ ಆಲ್ಟಿಮೀಟರ್ ಎತ್ತರ ಅಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ಅಳೆಯುತ್ತದೆ. ಅದನ್ನು ಒಂದು ಸಿದ್ಧ ಕೋಷ್ಟಕದ ಪ್ರಕಾರ ಅಡಿಗೆ ತಿರುಗಿಸಿ ತೋರಿಸುತ್ತದೆ ಅಷ್ಟೇ. ನಿಜವಾದ ಎತ್ತರ ಬೇರೆ.

ರೆಕ್ಕೆಪುಕ್ಕ: "ಬೇರೆ" ಅಂದರೆ ಎಷ್ಟು ಬೇರೆ ಸಾರ್? ಮೀಟರ್ 37,000 ಅಂದಾಗ ವಿಮಾನ ತೆಂಗಿನ ಮರದ ಎತ್ತರದಲ್ಲಿ ಇತ್ತಾ?

ಲೆಕ್ಕದ ಮೇಷ್ಟ್ರು: ವ್ಯಂಗ್ಯ ಬೇಡ. ಮೀಟರ್ ತಪ್ಪು ಅಂತ ನಾನು ಎಲ್ಲೂ ಹೇಳಿಲ್ಲ. ಬೇರೆ ಅಂದೆ.

ಮೋಡದಾಚೆ: ಮೇಷ್ಟ್ರೇ, ಬೇರೆ ಹೌದು, ಆದರೆ ಯಾವ ಕಡೆಗೆ ಅಂತ ಹೇಳಲಿಲ್ಲ. ಅಬಿಜಾನ್ ಇರುವುದು ಭೂಮಧ್ಯರೇಖೆಯ ಹತ್ತಿರ. ಅಲ್ಲಿ ಗಾಳಿ ಬೆಚ್ಚಗೆ ಹಿಗ್ಗಿರುತ್ತದೆ. ಮೀಟರ್ 37,000 ತೋರಿಸುವಾಗ ವಿಮಾನ ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ. ಹದ್ದಿನ ದಾಖಲೆಯನ್ನು ನೀವೇ ಇನ್ನೂ ಮೇಲಕ್ಕೆ ಏರಿಸಿದಿರಿ!

ಲೆಕ್ಕದ ಮೇಷ್ಟ್ರು: "ಸಾಮಾನ್ಯವಾಗಿ" ಅಂತೆ. ಆ ದಿನದ ತಾಪಮಾನ ತೋರಿಸಿ, ಆಮೇಲೆ ಮಾತಾಡೋಣ. ಇನ್ನೊಂದು ವಿಷಯ. ಎತ್ತರ ಅಂದರೆ ಸಮುದ್ರಮಟ್ಟದಿಂದಲೋ, ನೆಲದಿಂದಲೋ? ಪಟ್ಟೆತಲೆ ಹೆಬ್ಬಾತು ಹಿಮಾಲಯದ ಕಡೆ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ ಅಂತ ಎಲ್ಲರೂ ಕುಣಿಯುತ್ತಾರೆ. ಟಿಬೆಟ್ಟಿನ ನೆಲವೇ ನಾಲ್ಕೈದು ಸಾವಿರ ಮೀಟರ್ ಎತ್ತರ ಇದೆ. ಆ ಹಕ್ಕಿ ಬೆಟ್ಟ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ನೆಲ ಬಿಟ್ಟು ಎಷ್ಟು ಮೇಲೆ ಹೋಯಿತು, ಅದನ್ನು ಹೇಳಿ.

ಮೋಡದಾಚೆ: ಹಕ್ಕಿಯ ಶ್ವಾಸಕೋಶಕ್ಕೆ ನೆಲದ ಲೆಕ್ಕ ಯಾಕೆ ಬೇಕು? ಅದಕ್ಕೆ ಸಿಗುವುದು ಆ ಎತ್ತರದ ತೆಳು ಗಾಳಿ ಮಾತ್ರ. ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಗಟ್ಟಿಯಾಗಿ ಹಿಡಿಯುವುದು ಅದಕ್ಕೇ. ಮತ್ತೆ ನಿಮ್ಮ ಮಾತಿನ ಪ್ರಕಾರವೇ ನೋಡಿದರೂ ಅಬಿಜಾನ್ ಕಡಲ ದಡದ ಊರು. ನೆಲದಿಂದ ಅಳೆಯಿರಿ, ಸಮುದ್ರದಿಂದ ಅಳೆಯಿರಿ, ಹೆಚ್ಚುಕಮ್ಮಿ ಅಷ್ಟೇ.

ಲೆಕ್ಕದ ಮೇಷ್ಟ್ರು: "ಹೆಚ್ಚುಕಮ್ಮಿ" ಅನ್ನುವವರ ಜೊತೆ ಲೆಕ್ಕ ಮಾತಾಡಬಾರದು.

ಸುಮ್ನಿರಿ: ಹದ್ದು ಸತ್ತು ಐವತ್ತು ವರ್ಷ ಆಯ್ತು, ನೀವಿನ್ನೂ ಮೀಟರ್ ರಿಪೇರಿ ಮಾಡ್ತಾ ಇದ್ದೀರಿ. ಜನ ಸಾಯುವುದು ಕೆಳಗೆ ಸ್ವಾಮಿ. 1960ರ ಅಕ್ಟೋಬರ್ 4, ಬಾಸ್ಟನ್. ಈಸ್ಟರ್ನ್ ಏರ್‌ಲೈನ್ಸ್ ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಸ್ಟಾರ್ಲಿಂಗ್ ಹಿಂಡು ಎಂಜಿನ್‌ಗಳಿಗೆ ನುಗ್ಗಿತು. 62 ಜನ ಹೋದರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಕ್ಕಿ ಅದು.

ಗಾಳಿಪಟ: "ಕೆಳಗೆ"! ಇದನ್ನೇ ನಾನು ಮೊದಲಿಂದ ಹೇಳಿದ್ದು. 37,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಒಂದು ಭಾಗದಷ್ಟು, ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ. ಆ ಹದ್ದನ್ನು ಗಾಳಿಯೇ ಎತ್ತಿಕೊಂಡು ಹೋಗಿರಬೇಕು.

ರೆಕ್ಕೆಪುಕ್ಕ: "ಗಾಳಿಯೇ ಎತ್ತಿಕೊಂಡು"! ರಣಹದ್ದು ಹಾರುವುದೇ ಹಾಗೆ ಮಾರಾಯ್ರೇ. ಬಿಸಿಗಾಳಿ ಮೇಲೇಳುವ ಕಡೆ ರೆಕ್ಕೆ ಚಾಚಿ ಸುತ್ತುತ್ತಾ ಏರುತ್ತದೆ. ದಕ್ಷಿಣ ಅಮೆರಿಕದ ಕಾಂಡೋರ್ ಹಕ್ಕಿಗಳಿಗೆ ಉಪಕರಣ ಕಟ್ಟಿ ನೋಡಿದರು. ಹಾರುವ ಹೊತ್ತಿನಲ್ಲಿ ರೆಕ್ಕೆ ಬಡಿದದ್ದು ಶೇ 1ರಷ್ಟು ಮಾತ್ರ. ಹಾಗಾದರೆ ಅದೂ ಹಾರಿಲ್ಲವಾ?

ಗಾಳಿಪಟ: ಕಾಂಡೋರ್ ಕಥೆ ಯಾರು ಕೇಳಿದರು? ಒಂದು ಹದ್ದು, ಒಂದು ಸಲ. ಅಷ್ಟಕ್ಕೆ "ಹಕ್ಕಿಗಳು ಹಾರುತ್ತವೆ" ಅಂತ ಬಹುವಚನ ಹಾಕಿಬಿಡೋದಾ?

ರೆಕ್ಕೆಪುಕ್ಕ: ಬಹುವಚನ ತಾನೇ? ತಗೊಳ್ಳಿ. 1963ರ ಜುಲೈನಲ್ಲಿ ನೆವಾಡಾ ಮೇಲೆ 21,000 ಅಡಿಯಲ್ಲಿ ವಿಮಾನಕ್ಕೆ ಮಲ್ಲಾರ್ಡ್ ಬಾತು ಬಡಿದಿದೆ. ಕೆರೆಯಲ್ಲಿ ಈಜುವ ಸಾದಾ ಬಾತು.

ಗಾಳಿಪಟ: 21 ಸಾವಿರ. ನಾನು ಕೇಳಿದ್ದು ಮೂವತ್ತು.

ರೆಕ್ಕೆಪುಕ್ಕ: ಮೂವತ್ತೇಳು ಕೊಟ್ಟರೆ ಒಂದೇ ಹಕ್ಕಿ ಅಂತೀರಿ, ಎರಡನೇದು ಕೊಟ್ಟರೆ ಎತ್ತರ ಸಾಲದು ಅಂತೀರಿ. ನಿಮ್ಮ ಹತ್ತಿರ ವಾದ ಮಾಡುವುದಕ್ಕಿಂತ ಗೋಡೆಗೆ ಹೇಳುವುದು ಮೇಲು.

ಲೆಕ್ಕದ ಮೇಷ್ಟ್ರು: ನೆವಾಡಾ ಎತ್ತರದ ಪ್ರದೇಶ. ನೆಲದಿಂದ ಎಷ್ಟು ಅಂತ ಹೇಳಿ.

ಸುಮ್ನಿರಿ: ಅಯ್ಯೋ ದೇವರೇ.