ಅಪ್ಪ ಅಮ್ಮನ ಜೊತೆ ಆರ್‌ವಿ ಕ್ಯಾಂಪಿಂಗ್: ಮನೆಯ ಹತ್ತಿರವೇ ಹೋಗೋಕೆ ಬಾಡಿಗೆ ದಂಡವಾ?

ಸನ್ನಿವೇಲ್ ಅಪ್ಪ:
ನಮಸ್ಕಾರ ಎಲ್ಲರಿಗೂ. ಮಕ್ಕಳಿಗೆ ಶಾಲೆ ಆಗಲೇ ಶುರುವಾಗಿದೆ, ಆದರೂ ಬೇಸಿಗೆ ಮುಗಿಯುವ ಮೊದಲು ಮನೆಯವರೆಲ್ಲ ಸೇರಿ ಒಂದೆರಡು ರಾತ್ರಿ ಹೊರಗೆ ಕಳೆಯಬೇಕು ಅಂತ ಆಸೆ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮನಿಗೆ ಮಂಡಿ ನೋವು. ಟೆಂಟ್‌ನಲ್ಲಿ ನೆಲದ ಮೇಲೆ ಮಲಗಿ ಏಳುವುದು ಆಗುವುದಿಲ್ಲ, ನಡುರಾತ್ರಿ ಟಾರ್ಚ್ ಹಿಡಿದು ದೂರದ ಟಾಯ್ಲೆಟ್‌ಗೆ ನಡೆಯುವುದಂತೂ ಬೇಡವೇ ಬೇಡ. ಅದಕ್ಕೇ ಆರ್‌ವಿ, ಅಂದರೆ ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಯಿಂದ ಕರಾವಳಿಯ ಸಾಂಟಾ ಕ್ರೂಜ್ ಕಡೆ, ಒಂದು ಗಂಟೆ ದಾರಿ. ಸ್ನೇಹಿತರು "ಅಷ್ಟು ಹತ್ತಿರಕ್ಕೆ ಆರ್‌ವಿ ಯಾಕೆ, ಯೊಸೆಮಿಟಿಗೆ ಹೋಗಿ" ಅನ್ನುತ್ತಾರೆ. ನಾನು ಯಾವತ್ತೂ ಆರ್‌ವಿ ಓಡಿಸಿಲ್ಲ. ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯಕ್ಕೆ ಜಾಗ ಸಿಗಬಹುದಾ? ಅಡುಗೆ ಹೇಗೆ?

ರೆಡ್‌ವುಡ್ ನೆರಳು:
ಹತ್ತಿರಕ್ಕೇ ಹೋಗಿ ಸರ್. ವಯಸ್ಸಾದವರು, ಮಕ್ಕಳು ಜೊತೆಗಿರುವಾಗ ನಾಲ್ಕು ಗಂಟೆ ಡ್ರೈವ್ ಮಾಡಿ ಸುಸ್ತಾಗಿ ತಲುಪಿ, ಮಾರನೇ ದಿನ ನೋಡುವ ಜಾಗಗಳ ಹಿಂದೆ ಓಡಿ, ಮತ್ತೆ ಅಷ್ಟೇ ದೂರ ವಾಪಸ್ ಬರುವುದರಲ್ಲಿ ಆರಾಮ ಎಲ್ಲಿದೆ ಹೇಳಿ. ಹತ್ತಿರ ಇದ್ದರೆ ಮಧ್ಯಾಹ್ನ ಊಟ ಆದ ಮೇಲೆ ಮಲಗಬಹುದು, ಯಾರಿಗಾದರೂ ಹುಷಾರು ತಪ್ಪಿದರೆ ಮನೆಗೆ ಬಂದುಬಿಡಬಹುದು.

ಲೇಬರ್ ಡೇ ಮಾತ್ರ ಕಷ್ಟ. ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಆರು ತಿಂಗಳ ಮುಂಚೆಯೇ ತೆರೆಯುತ್ತದೆ, ಸಮುದ್ರದ ಪಕ್ಕದ ಜಾಗಗಳು ಆಗಲೇ ಹೋಗಿಬಿಡುತ್ತವೆ. ಯಾರಾದರೂ ಕ್ಯಾನ್ಸಲ್ ಮಾಡಿದ್ದಾರಾ ಅಂತ ದಿನಾ ಬುಕಿಂಗ್ ವೆಬ್‌ಸೈಟ್ ರಿಸರ್ವ್‌ಕ್ಯಾಲಿಫೋರ್ನಿಯಾದಲ್ಲಿ ನೋಡುತ್ತಿರಿ. ಇಲ್ಲದಿದ್ದರೆ ಅದರ ಮುಂದಿನ ವಾರಾಂತ್ಯ ಹೋಗಿ, ನನ್ನ ಕೇಳಿದರೆ ಅದೇ ಒಳ್ಳೆಯದು. ಜನ ಕಡಿಮೆ, ಸೆಪ್ಟೆಂಬರ್‌ನಲ್ಲಿ ಕರಾವಳಿಯ ಮಂಜೂ ಕಡಿಮೆಯಾಗಿ ಬಿಸಿಲು ಚೆನ್ನಾಗಿರುತ್ತದೆ. ಸಾಂಟಾ ಕ್ರೂಜ್ ಪಕ್ಕದ ಕ್ಯಾಪಿಟೋಲಾದಲ್ಲಿರುವ ನ್ಯೂ ಬ್ರೈಟನ್ ಸ್ಟೇಟ್ ಬೀಚ್ ನೋಡಿ. ಕ್ಯಾಂಪ್ ಎತ್ತರದ ದಿಬ್ಬದ ಮೇಲಿದೆ, ಬೀಚ್ ಕೆಳಗೆ. ಅಮ್ಮ ಇಳಿಯದಿದ್ದರೂ ಮೇಲೆ ಮರಗಳ ನಡುವೆ ಕೂತು ಗಾಳಿ ತಗೊಳ್ಳಬಹುದು. ಬುಕ್ ಮಾಡುವಾಗ ಆ ಸೈಟ್‌ಗೆ ಎಷ್ಟು ಅಡಿ ಉದ್ದದ ಗಾಡಿ ಹಿಡಿಸುತ್ತದೆ ಅಂತ ನೋಡಲೇಬೇಕು.

ಒಳನಾಡಿನ ಪಿನ್ನಕಲ್ಸ್ ನ್ಯಾಷನಲ್ ಪಾರ್ಕ್ ಅಂತ ಯಾರಾದರೂ ಹೇಳಿದರೆ ಈಗ ಬೇಡ. ಜಾಗ ಬಹಳ ಚೆನ್ನಾಗಿದೆ, ಆದರೆ ಸೆಪ್ಟೆಂಬರ್ ಮೊದಲಲ್ಲೂ ಸುಡುತ್ತಿರುತ್ತದೆ.

ಅಕ್ಕಿರೊಟ್ಟಿ:
ಅಡುಗೆ ಬಗ್ಗೆ ನಾನು ಹೇಳುತ್ತೇನೆ. ಒಗ್ಗರಣೆ ಒಳಗೆ ಹಾಕಬೇಡಿ. ಚಿಕ್ಕ ಜಾಗ, ಹೊಗೆಗೆ ಅಲಾರ್ಮ್ ಕೂಗುತ್ತದೆ, ಇಂಗು ಬೆಳ್ಳುಳ್ಳಿ ವಾಸನೆ ಸೀಟಿನ ಬಟ್ಟೆಗೆ ಹಿಡಿದುಬಿಡುತ್ತದೆ. ಎರಡು ಬರ್ನರ್‌ನ ಪ್ರೊಪೇನ್ ಒಲೆ ಹೊರಗಿನ ಮೇಜಿನ ಮೇಲಿಟ್ಟರೆ ಅಲ್ಲೇ ಬಿಸಿ ಬಿಸಿ ರೊಟ್ಟಿ ತಟ್ಟಬಹುದು. ಅತ್ತೆ ಮಾವ ಬಂದಾಗ ನಾವು ಹಾಗೇ ಮಾಡಿದ್ದೆವು, ಅತ್ತೆ ಒಲೆ ಬಿಟ್ಟು ಏಳಲೇ ಇಲ್ಲ, ಅಷ್ಟು ಖುಷಿ ಅವರಿಗೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೊಸರು ಮನೆಯಿಂದಲೇ ಒಯ್ಯಿರಿ. ಇಲ್ಲಿನ ಬ್ರೆಂಟ್‌ವುಡ್ ಊರಿನ ಸಿಹಿ ಮುಸುಕಿನ ಜೋಳ ಸಿಕ್ಕಿದರೆ ಸಂಜೆ ಸುಟ್ಟು ಉಪ್ಪು ಖಾರ ನಿಂಬೆಹಣ್ಣು ಹಚ್ಚಿ ಕೊಡಿ. ಸೌದೆ ಮಾತ್ರ ಮನೆಯಿಂದ ತರಬೇಡಿ, ಮರದ ಹುಳು ರೋಗ ಜೊತೆಗೆ ಬರುತ್ತದೆ, ಅಲ್ಲೇ ಕೊಳ್ಳಿ. ಬೆಂಕಿ ಹಾಕಲು ಆ ದಿನ ಅನುಮತಿ ಇದೆಯಾ ಅಂತಲೂ ವಿಚಾರಿಸಿ, ಇದು ಕಾಡ್ಗಿಚ್ಚಿನ ಕಾಲ. 2020ರ ಆಗಸ್ಟ್‌ನಲ್ಲಿ ಬಿಗ್ ಬೇಸಿನ್ ರೆಡ್‌ವುಡ್ ಪಾರ್ಕ್ ಸುಟ್ಟದ್ದು ಇದೇ ಸಾಂಟಾ ಕ್ರೂಜ್ ಬೆಟ್ಟಗಳಲ್ಲಿ.

ಮೂವತ್ತು ಆಂಪ್:
ಎರಡು ಮಾತು ಸೇರಿಸುತ್ತೇನೆ. ಆರ್‌ವಿ ಜೋಡಿಸಲು ಸೈಟ್‌ನಲ್ಲಿ ಸಾಮಾನ್ಯವಾಗಿ ಸಿಗುವ ವಿದ್ಯುತ್ 30 ಆಂಪ್, 120 ವೋಲ್ಟ್, ಅಂದರೆ ಒಟ್ಟು 3600 ವ್ಯಾಟ್. ಎಸಿ ಓಡುವಾಗ ಇಂಡಕ್ಷನ್ ಒಲೆ ಹಾಕಿ, ಮೇಲೆ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳುತ್ತದೆ. ಹುಕಪ್ (ವಿದ್ಯುತ್, ನೀರಿನ ಜೋಡಣೆ) ಇಲ್ಲದ ಸೈಟ್ ಆದರೆ ಸ್ಟೇಟ್ ಪಾರ್ಕ್‌ನಲ್ಲಿ ಜನರೇಟರ್ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ.

ಪಾತ್ರೆ ತೊಳೆದ, ಸ್ನಾನದ ನೀರು ಹೋಗುವ ಗ್ರೇ ಟ್ಯಾಂಕ್ ಬೇಗ ತುಂಬುತ್ತದೆ, ಆರು ಜನ ಇದ್ದರೆ ಇನ್ನೂ ಬೇಗ. ತಟ್ಟೆಯನ್ನು ಮೊದಲು ಪೇಪರಿನಲ್ಲಿ ಒರೆಸಿ, ಸ್ನಾನ ಪಾರ್ಕಿನ ಬಚ್ಚಲಲ್ಲೇ ಮಾಡಿ. ಖಾಲಿ ಮಾಡುವಾಗ ಮೊದಲು ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್, ಆಮೇಲೆ ಗ್ರೇ. ಆಗ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ.

ಹಿಂದಿನ ಹಾಸಿಗೆ ಅಪ್ಪ ಅಮ್ಮನಿಗೆ ಕೊಡಿ, ಡ್ರೈವರ್ ಮೇಲಿನ ಅಟ್ಟ ಮಕ್ಕಳಿಗೆ. ಬಾಗಿಲ ಮೆಟ್ಟಿಲು ಎತ್ತರ ಇರುತ್ತದೆ, ಅಮ್ಮನಿಗಾಗಿ ಗಟ್ಟಿ ಸ್ಟೂಲ್ ಒಂದು ಒಯ್ಯಿರಿ.

ಸನ್ನಿವೇಲ್ ಅಪ್ಪ:
ತುಂಬಾ ಥ್ಯಾಂಕ್ಸ್. ಲೇಬರ್ ಡೇ ಆದ ಮೇಲಿನ ವಾರಾಂತ್ಯಕ್ಕೇ ನೋಡುತ್ತೇನೆ. ಸಾಂಟಾ ಕ್ರೂಜ್‌ಗೆ ಬೆಟ್ಟ ದಾಟಿ ಹೋಗುವ ಹೈವೇ 17ರ ತಿರುವುಗಳಲ್ಲಿ ಆರ್‌ವಿ ಓಡಿಸುವುದೇ ಈಗ ಉಳಿದಿರುವ ಭಯ.

ರೆಡ್‌ವುಡ್ ನೆರಳು:
ಓಡಿಸಲೇಬೇಕಂತಿಲ್ಲ. ಕೆಲವು ಮಾಲೀಕರು ಗಾಡಿಯನ್ನು ತಾವೇ ಸೈಟ್‌ಗೆ ತಂದು, ವಿದ್ಯುತ್ ನೀರು ಜೋಡಿಸಿಕೊಟ್ಟು, ಕೊನೆಯಲ್ಲಿ ಬಂದು ಒಯ್ಯುತ್ತಾರೆ. ಪಾರ್ಕ್ ಇದಕ್ಕೆ ಒಪ್ಪುತ್ತದಾ ಅಂತ ಮೊದಲು ಫೋನ್ ಮಾಡಿ ಕೇಳಿ. ಒಪ್ಪಿದರೆ ನೀವು ನಿಮ್ಮ ಕಾರಿನಲ್ಲೇ ಹೋಗುತ್ತೀರಿ, ಮಕ್ಕಳ ಕಾರ್ ಸೀಟನ್ನು ಆರ್‌ವಿಯಲ್ಲಿ ಎಲ್ಲಿ ಕಟ್ಟುವುದು ಅನ್ನುವ ಚಿಂತೆಯೂ ಇಲ್ಲ, ಹಾಲು ತರಬೇಕಾದರೆ ಆರ್‌ವಿ ಬಿಚ್ಚುವ ಕೆಲಸವೂ ಇಲ್ಲ. ಶುಕ್ರವಾರ ಸಂಜೆ ಮಾತ್ರ 17ಕ್ಕೆ ಇಳಿಯಬೇಡಿ, ಆಫೀಸಿನಿಂದ ಸ್ವಲ್ಪ ಬೇಗ ಬಿಡಿ.