ಟಿಟ್ಟಿಭ, ತಿತ್ತಿರಿ, ಕೆಂಬೂತ: ಬೇಸಿಗೆಯ ಹಕ್ಕಿಪಟ್ಟಿಗೆ ಯಾವ ಹೆಸರು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆರೆ ಏರಿಯ ಮೇಲೆ ನಿಲ್ಲಿಸುವ ಫಲಕವೊಂದಕ್ಕೆ ಬೇಸಿಗೆಯ ಹಕ್ಕಿಗಳ ಪಟ್ಟಿ ತಯಾರಾಗುತ್ತಿದೆ. ಮಾರ್ಚಿನಿಂದ ಮೇ ಕೊನೆಯವರೆಗೆ ಕೆರೆಯಂಗಳ, ಅಚ್ಚುಕಟ್ಟಿನ ಹೊಲ, ತೋಟದ ಬೇಲಿಗಳಲ್ಲಿ ಕಾಣುವಂಥವು. ಹೆಚ್ಚಿನ ಹೆಸರುಗಳಲ್ಲಿ ತಕರಾರಿಲ್ಲ. ಮೂರು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇವೆ.

ಆಳು ಕಂಡೊಡನೆ ಕಿರುಚಿ ಕೆರೆಯನ್ನೆಲ್ಲ ಎಬ್ಬಿಸುವ ಉದ್ದಗಾಲಿನ ಹಕ್ಕಿಗೆ ಕರಡಿನಲ್ಲಿ ಒಬ್ಬರು 'ತಿತ್ತಿರಿ' ಎಂದು ಬರೆದಿದ್ದಾರೆ, ಇನ್ನೊಬ್ಬರು 'ಟಿಟ್ಟಿಭ' ಎಂದು ತಿದ್ದಿದ್ದಾರೆ, ಮೂರನೆಯವರು ಎರಡನ್ನೂ ಹೊಡೆದು 'ತೇನೆಹಕ್ಕಿ' ಮಾಡಿದ್ದಾರೆ. ಇವು ಒಂದೇ ಪದದ ರೂಪಗಳೇ, ಬೇರೆ ಹಕ್ಕಿಗಳೇ? ಎರಡನೆಯದು, ಬೇಲಿಯೊಳಗಿಂದ 'ಊಪ್ ಊಪ್' ಎನ್ನುವ ಹಕ್ಕಿ ಕೆಂಬೂತವೋ ಕೆಂಭೂತವೋ? ಮೂರನೆಯದು, ದನಗಳ ಹಿಂದೆ ಅಡ್ಡಾಡುವ, ತಲೆ ಕೇಸರಿ ಬಣ್ಣದ ಬೆಳ್ಳಕ್ಕಿಗೆ ಬೇರೆ ಹೆಸರು ಬೇಕೇ?

ಉತ್ತರ 1

ಮೂರನೆಯದನ್ನು ಮೊದಲು ಮುಗಿಸುತ್ತೇನೆ. ಅದು ಗೋವಕ್ಕಿ. ವರ್ಷದ ಉಳಿದ ಕಾಲ ಪೂರ್ತಿ ಬಿಳಿ. ಮರಿ ಮಾಡುವ ಕಾಲ ಹತ್ತಿರ ಬಂದಾಗ ತಲೆ, ಕತ್ತು, ಬೆನ್ನಿಗೆ ಕೇಸರಿ ಹತ್ತುತ್ತದೆ. ಹೊಸ ಹೆಸರು ಬೇಡ. ಬಿಳಿ ಮತ್ತು ಕೇಸರಿ, ಎರಡೂ ಚಿತ್ರ ಹಾಕಿ, ಸಾಕು.

ಈಗ ಮೊದಲನೆಯದು. ತಿತ್ತಿರಿ ಮತ್ತು ಟಿಟ್ಟಿಭ ಬೇರೆ ಬೇರೆ ಹಕ್ಕಿಗಳು. ಹತ್ತಿರದ ನೆಂಟರೂ ಅಲ್ಲ. ನೀವು ವರ್ಣಿಸಿದ್ದು ಕೆಂಪು ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಕುತ್ತಿಗೆ ಮತ್ತು ಎದೆ, ಕಣ್ಣಿನ ಹಿಂದಿನಿಂದ ಹೊಟ್ಟೆಯವರೆಗೆ ಇಳಿಯುವ ಬಿಳಿ ಪಟ್ಟಿ, ಉದ್ದನೆಯ ಹಳದಿ ಕಾಲು. ತೇನೆಹಕ್ಕಿ ಎನ್ನುವುದೂ ಇದನ್ನೇ. ತಿತ್ತಿರಿ ಎಂದರೆ ಗೌಜಲಹಕ್ಕಿ. ಕೋಳಿಯ ಮೈಕಟ್ಟು, ಮೋಟು ಬಾಲ, ಮೈತುಂಬ ಕಂದು ಗೆರೆ. ಕುರುಚಲಿನ ಅಂಚಿನಲ್ಲಿ ಓಡುತ್ತದೆ, ನೀರಿನ ಅಂಚಿಗೆ ಅದಕ್ಕೇನೂ ಕೆಲಸವಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಬಿಟ್ಟುಹೋಗಿರಬಹುದು. ಒಣ ಹೊಲ, ಬಯಲಿನ ಕಡೆ ಸಿಗುವ ಹಳದಿ ಟಿಟ್ಟಿಭ. ಗಾತ್ರದಲ್ಲಿ ಚಿಕ್ಕದು, ಕಣ್ಣಿನ ಮುಂದಿನ ತೊಗಲು ಹಳದಿ, ತಲೆಗೆ ಕಪ್ಪು ಟೋಪಿ, ಟೋಪಿಯ ಕೆಳಗೆ ಬಿಳಿ ಗೆರೆ. ದೂರದಿಂದ ಕೆಂಪು–ಹಳದಿ ತೊಗಲು ಕಾಣದಿದ್ದರೆ ಎದೆ ನೋಡಿ: ಕಪ್ಪಾಗಿದ್ದರೆ ಕೆಂಪು ಟಿಟ್ಟಿಭ, ಮಣ್ಣಿನ ಬಣ್ಣವಿದ್ದರೆ ಹಳದಿ ಟಿಟ್ಟಿಭ. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ, ಬೆನ್ನಿಗೆ ಬಿಸಿಲಿಟ್ಟುಕೊಂಡು ಎಣಿಸಿ. ಒಂಬತ್ತಾದ ಮೇಲೆ ಬತ್ತಿದ ಅಂಗಳದಿಂದ ಝಳ ಏಳುತ್ತದೆ. 8×42 ಬೈನಾಕ್ಯುಲರ್ ಇದ್ದರೂ ನೂರು ಮೀಟರಿನ ಆಚೆಯ ಹಕ್ಕಿ ನೀರಿನಲ್ಲಿ ಅಲ್ಲಾಡಿದಂತೆ ಕಾಣುತ್ತದೆ. ಕೆಂಪು ಹಳದಿಯಾಗುವುದು ಆಗಲೇ. ಝಳದಲ್ಲಿ ಹೆಚ್ಚು ಪವರಿನದನ್ನು ತಂದರೆ ಅಲ್ಲಾಟವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಉತ್ತರ 2

ಹೆಸರಿನ ಗೋಜಲಿಗೆ ಕಾರಣ ಹಕ್ಕಿಗಳೇ. ಎರಡೂ ತಮ್ಮ ಕೂಗಿನಿಂದ ಹೆಸರು ಪಡೆದವು. ಒಂದು 'ಟಿಟ್ಟಿಟ್ಟೀ, ಟಿಟ್' ಎನ್ನುತ್ತದೆ, ಇನ್ನೊಂದು 'ಕತೀತರ್, ಕತೀತರ್'. ಸಂಸ್ಕೃತದಲ್ಲಿ ಮೊದಲನೆಯದು ಟಿಟ್ಟಿಭ, ಎರಡನೆಯದು ತಿತ್ತಿರಿ. ಇದೇ ಜೋಡಿ ಹಿಂದಿಯಲ್ಲಿ ಟಿಟಹರಿ ಮತ್ತು ತೀತರ್ ಆಗಿ ಇವತ್ತಿಗೂ ಬೇರೆಬೇರೆಯಾಗಿ ಉಳಿದಿದೆ. ಮರಾಠಿಯಲ್ಲಿ ಟಿಟ್ಟಿಭ ಟಿಟವೀ ಆಗಿದೆ. ಅಮರಕೋಶದ ಸಿಂಹಾದಿವರ್ಗದಲ್ಲೂ ತಿತ್ತಿರಿ ಒಂದು ಕಡೆ, ಟಿಟ್ಟಿಭಕ ಇನ್ನೊಂದು ಕಡೆ. ಕಲಸಿಹೋಗಿದ್ದು ನಮ್ಮ ಬರವಣಿಗೆಯಲ್ಲಿ, ಅದರಲ್ಲೂ ಹಕ್ಕಿ ನೋಡದೆ ನಿಘಂಟು ಮಾತ್ರ ನೋಡಿದವರ ಬರವಣಿಗೆಯಲ್ಲಿ.

ನೆನಪಿಡಲು ಸುಲಭದ ದಾರಿ ಇದೆ. ಯಾಜ್ಞವಲ್ಕ್ಯ ಕಾರಿದ ವೇದವನ್ನು ಹೆಕ್ಕಿ ತಿಂದ ಶಿಷ್ಯರು ತಿತ್ತಿರಿಗಳಾಗಿದ್ದರು, ಅದರಿಂದ ತೈತ್ತಿರೀಯ. ನೆಲದಲ್ಲಿ ಕಾಳು ಹೆಕ್ಕುವುದು ಗೌಜಲದ ಕೆಲಸ. ಪಂಚತಂತ್ರದಲ್ಲಿ ಕಡಲ ದಡದಲ್ಲಿ ಮೊಟ್ಟೆಯಿಟ್ಟು, ಕಡಲು ಅದನ್ನು ಒಯ್ದಾಗ ಗರುಡನವರೆಗೆ ದೂರು ಒಯ್ದ ಜೋಡಿ ಟಿಟ್ಟಿಭ. ನೀರಂಚಿನ ಬರಿನೆಲದಲ್ಲಿ ಮೊಟ್ಟೆಯಿಡುವ ಹಕ್ಕಿ ಅದು. ಕತೆ ಕಟ್ಟಿದವನು ಹಕ್ಕಿಯನ್ನು ಸರಿಯಾಗಿಯೇ ನೋಡಿದ್ದ.

ಗೌಜಲ ಅಚ್ಚ ದ್ರಾವಿಡ ಪದ. ತೆಲುಗಿನ ಕೌಜು, ತಮಿಳಿನ ಕವುದಾರಿ ಅದರ ಒಡಹುಟ್ಟು. ಗೌಜುಗ ಎಂಬ ರೂಪವೂ ಇದೆ. ಆದ್ದರಿಂದ ಫಲಕದಲ್ಲಿ 'ತಿತ್ತಿರಿ' ಎಂಬುದನ್ನು ಹೊಡೆದುಹಾಕಿ. ಆ ಹಕ್ಕಿಯೂ ಪಟ್ಟಿಗೆ ಬರುವುದಾದರೆ 'ಗೌಜಲಹಕ್ಕಿ' ಎಂದೇ ಬರೆಯಿರಿ. ಟಿಟ್ಟಿಭಕ್ಕೆ ನನ್ನ ಮತ 'ಕೆಂಪು ಟಿಟ್ಟಿಭ (ತೇನೆಹಕ್ಕಿ)'. ಬರೀ ತೇನೆಹಕ್ಕಿ ಎಂದರೆ ಹಳದಿಯದನ್ನು ಬೇರ್ಪಡಿಸಲು ಮತ್ತೆ ಒದ್ದಾಡಬೇಕು. ಟಿಟ್ಟಿಭ ಸಂಸ್ಕೃತ, ಜನಕ್ಕೆ ತಿಳಿಯದು ಎನ್ನುವ ವಾದ ಬರಬಹುದು. ಹಕ್ಕಿಯೇ ದಿನಕ್ಕೆ ನೂರು ಸಲ ಹೇಳಿಕೊಡುತ್ತದಲ್ಲ!

ಇನ್ನು ಕೆಂಬೂತ. ಅಲ್ಪಪ್ರಾಣವೇ ಸರಿ, ಭೂತಕ್ಕೂ ಅದಕ್ಕೂ ಸಂಬಂಧವಿಲ್ಲ. ತಮಿಳಿನಲ್ಲಿ ಇದೇ ಹಕ್ಕಿ ಸೆಂಬೋತ್ತು, ಮಲಯಾಳದಲ್ಲಿ ಚೆಂಬೋತ್ತ್. ನಮ್ಮ ಕಿವಿ ತಮಿಳಿನಲ್ಲಿ ಸೆವಿ ಆದಂತೆ, ನಮ್ಮ ಕೆಂ ಅಲ್ಲಿ ಸೆಂ. ಹಿಂದಿನ ಪದದ ಕೊನೆಯ ಅನುನಾಸಿಕದ ಮುಂದೆ ಪಕಾರ ಬಂದರೆ ಬಕಾರವಾಗುವುದು ನಮ್ಮ ವಾಡಿಕೆ. ಕಣ್ಣು, ಪನಿ ಸೇರಿ ಕಂಬನಿಯಾಗುತ್ತದೆ. ಭಕಾರವಾಗಲು ದಾರಿಯೇ ಇಲ್ಲ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆಯನ್ನು ಅಚ್ಚು ಹಾಕುವವರು 'ಕೆಂಭೂತ' ಮಾಡಿ, ಓದುವವರು ಕೆಂಪು ದೆವ್ವವನ್ನು ಊಹಿಸಿಕೊಂಡು, ಈ ತಪ್ಪು ಬೇರೂರಿದೆ.

ಉತ್ತರ 1, ಮತ್ತೆ

ಕೆಂಬೂತದ 'ಕೆಂ' ಯಾವುದು ಎಂದು ಕೇಳುವವರಿಗೆ: ಮೈ ಕಾಗೆಗಪ್ಪು, ರೆಕ್ಕೆ ಇಟ್ಟಿಗೆಗೆಂಪು, ಕಣ್ಣು ಕಡುಗೆಂಪು. ಹಳೇ ಮೈಸೂರು ಕಡೆ ರತ್ನಪಕ್ಷಿ ಎನ್ನುವುದೂ ಇದನ್ನೇ. ಫಲಕದಲ್ಲಿ ಒಂದು ಸಾಲು ಸೇರಿಸಬಹುದು: ಕೋಗಿಲೆಯ ಕುಲದ್ದಾದರೂ ಇದು ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವುದಿಲ್ಲ, ಪೊದೆಯೊಳಗೆ ತಾನೇ ಚೆಂಡಿನಂಥ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಬೇಲಿ ಸವರುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ತಿತ್ತಿರಿಯನ್ನು ಹೊಡೆದುಹಾಕಿದ್ದೇವೆ. ಇನ್ನೊಂದು ಪದ ಬೇಕು. ಟಿಟ್ಟಿಭ ಬಿಸಿಲಿನಲ್ಲಿ ನೀರಿಗೆ ಹೋಗಿ ಎದೆಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಕರಡಿನಲ್ಲಿ 'ಉದರಾರ್ದ್ರೀಕರಣ' ಎಂದಿದೆ. ಓದಲು ನಾಲಗೆ ತಿರುಗುತ್ತಿಲ್ಲ.

ಉತ್ತರ 2

ಆ ಪದವನ್ನು ಕೆರೆಗೇ ಬಿಡಿ. 'ಕಾವು' ಎನ್ನುವುದು ನಮ್ಮಲ್ಲಿ ಬೆಚ್ಚಗಿಡುವ ಮಾತು. ಇಲ್ಲಿ ಹಕ್ಕಿ ಮಾಡುವುದು ಅದಕ್ಕೆ ತಿರುಗಾಮುರುಗಾ, ತಣ್ಣಗಿಡುವುದು. ಆದರೂ ಕಾವು ಕೂರುವುದು ಎಂದೇ ಬರೆದು, ಮುಂದಿನ ವಾಕ್ಯದಲ್ಲಿ 'ಎದೆ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ' ಎಂದರೆ ಮೂರನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಒಂದು ಪದಕ್ಕೆ ಒಂದೇ ಪದ ಕೊಡಬೇಕೆಂಬ ಹಟ ಫಲಕಕ್ಕೆ ಬೇಡ.

ಉತ್ತರ 1

'ಗೂಡು' ಎಂಬ ಪದದ ಬಗ್ಗೆಯೂ ಎಚ್ಚರ. ಗೂಡಿನ ಹತ್ತಿರ ಹೋಗಬೇಡಿ ಎಂದು ಬರೆದರೆ ಜನ ಮರದ ಕಡೆ ನೋಡುತ್ತಾರೆ. ಟಿಟ್ಟಿಭದ ಗೂಡೆಂದರೆ ಅಂಗೈಯಗಲದ ಗುಳಿ, ಸುತ್ತ ನಾಲ್ಕು ಕಲ್ಲುಚೂರು. ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳು ನಡುವಿಗೆ ಸೇರಿದಂತೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಸಿಗುತ್ತವೆ. ಆದ್ದರಿಂದ 'ಮೊಟ್ಟೆಗುಳಿ' ಎನ್ನಿ.

ಕಾವು 28ರಿಂದ 30 ದಿನ. ಅಷ್ಟರೊಳಗೆ ಎರಡು ಗಂಡಾಂತರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ಆ ಮಳೆಗೇ ಹೊಲಕ್ಕೆ ನೇಗಿಲು ಟ್ರ್ಯಾಕ್ಟರು ಇಳಿದು ಗುಳಿಗಳು ಮುಚ್ಚಿಹೋಗುತ್ತವೆ. ಕೆರೆಯಂಗಳದಲ್ಲಿ ನೀರು ಒಂದು ಗೇಣು ಏರಿದರೂ ಅಂಚಿನ ಮೊಟ್ಟೆ ತೇಲುತ್ತವೆ. ಪಂಚತಂತ್ರದ ಕಡಲು ಇದೇ. ಮೂರನೆಯ ಗಂಡಾಂತರ ಹಕ್ಕಿ ನೋಡಲು ಬರುವ ನಾವು. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚಿದರೆ, ಇಲ್ಲವೇ ರೆಕ್ಕೆ ಮುರಿದಂತೆ ಎಳೆದುಕೊಂಡು ಎದುರಿಗೆ ನಡೆದರೆ, ಗುಳಿ ಹತ್ತಿರದಲ್ಲೇ ಇದೆ. ಅಲ್ಲೇ ನಿಂತು ಕಾಲಬುಡ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಫೋಟೋಕ್ಕೆಂದು ನಿಂತರೆ ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆ ಮೇಲಿಂದ ನೋಡುತ್ತಿರುತ್ತದೆ.

ಫಲಕಕ್ಕೆ ಹೀಗೆ ಸಾಕು: 'ಟಿಟ್ಟಿಭ ಕೂಗಿದರೆ ನಿಲ್ಲಿ. ಮೊಟ್ಟೆಗುಳಿ ನೆಲದಲ್ಲಿದೆ. ಬಂದ ದಾರಿಯಲ್ಲೇ ಹಿಂದಿರುಗಿ. ನಾಯಿಯನ್ನು ಅಂಗಳಕ್ಕೆ ಇಳಿಸಬೇಡಿ.'

ಉತ್ತರ 2

ಫಲಕ ಬರೆಯುವವರಿಗೆ ಕೊಡುವ ಮುನ್ನ ಒಂದು ಮಾತು. ಬಕಾರ ಭಕಾರಗಳ ಮುಖ್ಯ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು. ಟಿಟ್ಟಿಭಕ್ಕೆ ಅದು ಬೇಕು, ಕೆಂಬೂತಕ್ಕೆ ಬೇಡ. ಕುಂಚದವರು ಸಾಮಾನ್ಯವಾಗಿ ತಿರುಗಿಸಿಯೇ ಹಾಕುತ್ತಾರೆ. ಬಣ್ಣ ಒಣಗುವ ಮೊದಲು ಒಬ್ಬರು ಹೋಗಿ ನೋಡಿಬನ್ನಿ.